ಕೂತರೆ ಔಟ್

ಆ ಸಲಹೆಗಾರ ಮೊದಲ ಸಲ ನಮ್ಮ ಆಫೀಸಿಗೆ ಬಂದ ದಿನ ಅವನ ಹಿಂದೆಯೇ ಒಂದು ಸೆಂಟಿನ ವಾಸನೆಯೂ ಬಂತು. ಅವನು ಹೋದ ಮೇಲೂ ಅದು ಹೋಗಲಿಲ್ಲ. ಕಿಟಕಿ ತೆರೆದಿಟ್ಟೆ, ಫ್ಯಾನು ಹಾಕಿದೆ. ಸಂಜೆ ಮನೆಗೆ ಹೊರಡುವಾಗಲೂ ಅವನು ಕೂತಿದ್ದ ಕುರ್ಚಿಯ ಹತ್ತಿರ ಅದು ಹಾಗೇ ಇತ್ತು. ಇವತ್ತಿಗೂ ಯಾವುದಾದರೂ ಮದುವೆ ಮನೆಯಲ್ಲೋ ಲಿಫ್ಟಿನಲ್ಲೋ ಅದೇ ವಾಸನೆ ಬಡಿದರೆ ಮೂಗು ಮುಚ್ಚಿಕೊಂಡು ಆಚೆ ಬಂದುಬಿಡುತ್ತೇನೆ. ಸೆಂಟಿನದೇನೂ ತಪ್ಪಿಲ್ಲ. ಆ ವರ್ಷ ನಾನು ನೋಡಿದ್ದೆಲ್ಲ ಆ ವಾಸನೆಯ ಜೊತೆ ಅಂಟಿಕೊಂಡುಬಿಟ್ಟಿದೆ.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ತುಮಕೂರು ಕಡೆಯವಳು. ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದಿ, ಮುಗಿದ ಮೇಲೆ ಊರಿಗೆ ಹಿಂದಿರುಗದೆ ಅಲ್ಲೇ ಸಿಂಗಾನಲ್ಲೂರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಮೊಬೈಲ್ ಫೋನುಗಳಿಗೆ ಆಟ ತಯಾರಿಸುವ ಸಣ್ಣ ಕಂಪನಿ. ಕೆಳಗೆ ಮೋಟಾರು ಪಂಪು ಮಾರುವ ಅಂಗಡಿ, ಮೇಲೆ ನಾವು. ಆಗಿನ ಫೋನಿಗೆ ಗುಂಡಿಗಳಿದ್ದವು, ಪರದೆ ಬೆಂಕಿಪೊಟ್ಟಣದಷ್ಟು. ಅಷ್ಟರಲ್ಲೇ ಓಡಬೇಕು, ಹಾರಬೇಕು, ಬೀಳಬೇಕು, ಗೆಲ್ಲಬೇಕು. ತೆಂಗಿನ ಮರ ಹತ್ತುವ ಅಳಿಲಿನ ಆಟವೊಂದನ್ನು ನಾನೇ ಮಾಡಿದ್ದೆ. ಅಳಿಲಿಗೆ ಮೂರು ಜೀವ. ಮೂರು ಜೀವಕ್ಕೆ ಮೂರು ಕೆಂಪು ಹೃದಯ. ಆ ಹೃದಯವನ್ನು ಒಂದೊಂದು ಚುಕ್ಕಿಯಾಗಿ ಕೂಡಿಸಿ ಬರೆದವಳೂ ನಾನೇ.

ಈ ಕೆಲಸವನ್ನು ನಾನು ಕಲಿತದ್ದು ಕಾಲೇಜಿನಲ್ಲಿ ಅಲ್ಲ, ಸಿಂಗಾನಲ್ಲೂರು ಬಸ್ ನಿಲ್ದಾಣದಲ್ಲಿ. ಹೊಸ ಆಟ ಸಿದ್ಧವಾದರೆ ಫೋನು ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ತಿರುಪ್ಪೂರು ಬಸ್ಸಿಗೆ ಕಾಯುತ್ತಾ ನಿಂತವರ ಕೈಗೆ ಫೋನು ಕೊಟ್ಟು, ಏನೂ ಹೇಳಿಕೊಡದೆ ಪಕ್ಕದಲ್ಲಿ ನಿಂತು ಅವರ ಹೆಬ್ಬೆರಳು ನೋಡುವುದು. ಮಿಲ್ಲಿಗೆ ಹೋಗುವವರು, ಕಾಲೇಜಿನವರು, ಹೂ ಮಾರುವವರು, ಯಾರಾದರೂ ಸರಿ. ಅವರು ಎಡವಿದರೆ ಅವರನ್ನು ದಡ್ಡರು ಅನ್ನುವ ಹಾಗಿಲ್ಲ. ಎಲ್ಲಿ ಎಡವಿದರೋ ಅಲ್ಲಿ ನನ್ನ ಆಟ ಕೆಟ್ಟಿದೆ ಅಂತ ಅರ್ಥ, ನಾನು ತಿದ್ದಬೇಕು. ಇನ್ನೇನು ಗೆಲ್ಲಬೇಕು ಅನ್ನುವಷ್ಟರಲ್ಲಿ ಬಸ್ಸು ಬಂದುಬಿಡುತ್ತಿತ್ತು. ಫೋನನ್ನು ನನ್ನ ಕೈಗೆ ತುರುಕಿ ನಗುತ್ತಾ ಓಡುತ್ತಿದ್ದರು. ಅದನ್ನು ನೋಡಿ ನೋಡಿಯೇ ನನಗೊಂದು ವಿಷಯ ಗಟ್ಟಿಯಾಯಿತು. ಬಸ್ಸು ಬಂದರೆ ಬಿಟ್ಟು ಓಡಬಹುದಾದದ್ದು ಮಾತ್ರ ಆಟ. ಬಿಟ್ಟು ಓಡಲಾರದ್ದಕ್ಕೆ ಬೇರೆ ಹೆಸರಿದೆ.

ನಮ್ಮ ಬಾಸ್ ಒಬ್ಬ ಮಿಲ್ ಮಾಲೀಕರ ಕಿರಿಯ ಮಗ. ಮೂವತ್ತು ದಾಟಿರಲಿಲ್ಲ. ಆಟ ಅಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ. ಅದಕ್ಕೇ ಅಪ್ಪನ ಮಿಲ್ಲು ಬಿಟ್ಟು ಈ ಮಾಳಿಗೆ ಹತ್ತಿದ್ದರು. ಆದರೆ ನಮ್ಮ ಆಟಗಳು ಮಾರಾಟವಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಕೂರಿಸಿಕೊಂಡು, "ಇನ್ನು ಮೇಲೆ ನಾವು ಆಟ ಮಾರೋದಿಲ್ಲ. ಆಟದ ಬುದ್ಧಿ ಮಾರ್ತೀವಿ," ಅಂದರು. ಅದರ ಅರ್ಥ ಬಿಡಿಸಿ ಹೇಳುವುದಕ್ಕೆಂದು ಚೆನ್ನೈಯಿಂದ ಬಂದವನೇ ಆ ಸಲಹೆಗಾರ.

ಅವನು ನಿಂತುಕೊಂಡೇ ಮಾತಾಡಿದ. "ಜನ ವಿಡಿಯೋ ಗೇಮ್ ಮುಂದೆ ಗಂಟೆಗಟ್ಟಲೆ ಕೂರ್ತಾರೆ. ಊಟ ಬಿಡ್ತಾರೆ, ನಿದ್ದೆ ಬಿಡ್ತಾರೆ. ಯಾರೂ ಅವರಿಗೆ ಸಂಬಳ ಕೊಡೋದಿಲ್ಲ. ಅದೇ ಜನ ಆಫೀಸಲ್ಲಿ ಸಂಬಳ ತಗೊಂಡೂ ಆಕಳಿಸ್ತಾರೆ. ಯಾಕೆ?" ಅಂತ ಕೇಳಿ ತಾನೇ ನಕ್ಕ. "ಆ ಚಟ ಎಲ್ಲಿಂದ ಬರುತ್ತೋ ಅದನ್ನ ಕಿತ್ತು ತಂದು ವ್ಯಾಪಾರದೊಳಗೆ ನೆಡಬೇಕು. ಡಿಜಿಟಲ್ ಸ್ಟ್ರಾಟೆಜಿ ಅಂದ್ರೆ ಇಷ್ಟೇ."

ಚಟ ಅನ್ನುವ ಮಾತನ್ನು ಅವನು ಎಷ್ಟು ಪ್ರೀತಿಯಿಂದ ಆಡಿದ ಅಂದರೆ, ಬೇರೆಯವರ ತಟ್ಟೆಗೆ ಕೈ ಹಾಕಿ ಬೆರಳು ನೆಕ್ಕಿಕೊಂಡ ಹಾಗೆ ಕಂಡಿತು ನನಗೆ. ಬಾಸ್ ಮಾತ್ರ ಕಣ್ಣರಳಿಸಿ ಕೇಳುತ್ತಿದ್ದರು.

ನಮಗೆ ಸಿಕ್ಕ ಮೊದಲ ಗಿರಾಕಿ ಕೊಯಮತ್ತೂರು ಪೇಟೆಯ ಒಂದು ಜವಳಿ ಅಂಗಡಿ. ಮಾಲೀಕರದು ತಲೆಮಾರುಗಳ ಹಿಂದೆಯೇ ಬಂದು ನೆಲೆಸಿದ ಕನ್ನಡದ ಮನೆತನ. ಅಜ್ಜ ಮಗ್ಗದ ಮುಂದೆ ಕೂತವರು, ಅಪ್ಪ ಸೀರೆ ಮಾರಿದವರು, ಇವರು ನಾಲ್ಕಂತಸ್ತಿನ ಗಾಜಿನ ಕಟ್ಟಡ ಎಬ್ಬಿಸಿದವರು. ಅಂಗಡಿಯಲ್ಲಿ ಎಲ್ಲರೂ ಅವರನ್ನು ಮೊದಲಾಳಿ ಅನ್ನುತ್ತಿದ್ದರು. ಅಲ್ಲಿ ಧಣಿಯನ್ನು ಹಾಗೆ ಕರೆಯುವುದು. ನಾನು ಕನ್ನಡದವಳು ಅಂತ ಗೊತ್ತಾದ ಕೂಡಲೇ ಅವರ ಮುಖ ಅರಳಿತು.

"ವಾಂಗ ಅಮ್ಮಣಿ, ಬನ್ನಿ, ಕೂತ್ಕೊಳ್ಳಿ. ನೀವು ನಮ್ಮ ಬಾಷೆಯೋರಾ? ರೊಂಬ ಸಂತೋಷ. ಮನೇಲಿ ನಾವು ಇದೇ ಮಾತಾಡೋದು. ಓದಕ್ಕೆ ಮಟ್ಟುಂ ಬರಲ್ಲ, ಅದು ತಾತನ ಕಾಲಕ್ಕೇ ಹೋಯ್ತು."

ಕಾಫಿ ತರಿಸಿದರು. ಹಳೆಯ ಅಂಗಡಿಯ ಫೋಟೋ ತೋರಿಸಿದರು. ಫೋಟೋದಲ್ಲಿ ನೆಲದ ತುಂಬ ಬಿಳಿ ಹಾಸಿಗೆ ಹಾಸಿ, ಮಾರುವವರೂ ಕೊಳ್ಳುವವರೂ ಚಕ್ಕಂಬಕ್ಕಲ ಹಾಕಿಕೊಂಡು ಎದುರುಬದುರು ಕೂತಿದ್ದರು. ನಡುವೆ ಸೀರೆಗಳ ರಾಶಿ. "ಇದು ಅಂದಿನ ಕಾಲ ಅಮ್ಮಣಿ. ಈಗ ಎಲ್ಲಾ ಕೌಂಟರ್, ಎಲ್ಲಾ ಸ್ಟೈಲು," ಅಂದರು. ಒಳ್ಳೆಯ ಮನುಷ್ಯ ಅಂದುಕೊಂಡೆ. ಪರಭಾಷೆಯ ಊರಿನಲ್ಲಿ ಯಾರಾದರೂ ನಮ್ಮ ಮಾತಾಡಿದರೆ ಅವರನ್ನು ಒಳ್ಳೆಯವರ ಸಾಲಿಗೆ ಸೇರಿಸಿಬಿಡುವುದು ಎಷ್ಟು ಸುಲಭ!

ಬಸ್ ನಿಲ್ದಾಣದಲ್ಲಿ ಮಾಡುತ್ತಿದ್ದುದನ್ನೇ ಅಂಗಡಿಯಲ್ಲೂ ಮಾಡಿದೆ. ಒಂದು ಮೂಲೆಯಲ್ಲಿ ನಿಂತು ನೋಡುವುದು. ಹತ್ತಿ ಸೀರೆ ಬೇಕಾದವರು ಮೂರನೆಯ ಮಹಡಿಗೆ ಹತ್ತಿ, ಅದು ಕೆಳಗಿದೆ ಅಂತ ಕೇಳಿ ಏದುಸಿರು ಬಿಡುತ್ತಾ ಇಳಿಯುತ್ತಿದ್ದರು. ನಿನ್ನೆ ತಾನೆ ಸೇರಿದ ಹುಡುಗಿಯನ್ನು ಮದುವೆ ರೇಷ್ಮೆಯ ಕೌಂಟರಿಗೆ ನೂಕಿರುತ್ತಿದ್ದರು. ಹತ್ತು ಹೆಂಗಸರು ಒಟ್ಟಿಗೆ ಮುಗಿಬಿದ್ದರೆ ಅವಳು ಒಬ್ಬರು ಕೇಳಿದ್ದನ್ನು ಇನ್ನೊಬ್ಬರ ಮುಂದೆ ಬಿಡಿಸುತ್ತಿದ್ದಳು. "ಮಾವಿನ ಚಿಗುರಿನ ಬಣ್ಣ ಇದೆಯಾ?" ಅಂತ ದಿನಾ ಯಾರಾದರೂ ಕೇಳುತ್ತಿದ್ದರು, ಇಲ್ಲ ಅನ್ನಿಸಿಕೊಂಡು ಹೋಗುತ್ತಿದ್ದರು. ಆ ಪ್ರಶ್ನೆ ಅಲ್ಲೇ ಗಾಳಿಗೆ ಹೋಗುತ್ತಿತ್ತು. ಅಂಗಡಿಗೆ ಸರಕು ತರಿಸುವವರ ಕಿವಿಗೆ ಯಾವತ್ತೂ ಬೀಳುತ್ತಿರಲಿಲ್ಲ.

ಆ ದಿನಗಳಲ್ಲಿ ನನಗೆ ಹತ್ತಿರವಾದವಳು ಎರಡನೆಯ ಮಹಡಿಯಲ್ಲಿ ಸೀರೆ ತೋರಿಸುತ್ತಿದ್ದ ಒಬ್ಬ ಅಕ್ಕ. ಅನ್ನೂರಿನವಳು. ಅವಳ ಮನೆಯಲ್ಲೂ ಕನ್ನಡ, ಗಂಡನದು ಮಗ್ಗದ ಕೆಲಸ. ದಿನಾ ಟೌನ್ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ನಾಲ್ಕು ಮಾತು ಬಿಟ್ಟು ಐದನೆಯದು ತಮಿಳು, ಆದರೆ ಒಳಗಿನ ರಾಗ ನಮ್ಮದೇ. ನನ್ನ ಮಾತು ಕೇಳಿದರೆ ಅವಳಿಗೆ ನಗು. "ನೀನು ಟೀವೀಲಿ ವಾರ್ತೆ ಓದ್ದಂಗೆ ಮಾತಾಡ್ತಿ ಕಣ್ಣು," ಅನ್ನುತ್ತಿದ್ದಳು. ಚಿಕ್ಕವರನ್ನು ಅಕ್ಕರೆಯಿಂದ ಕಣ್ಣು ಅಂತ ಕರೆಯುವುದು ಆ ಸೀಮೆಯ ರೂಢಿ.

ಅವಳ ಕೌಂಟರಿಗೇ ಬರುವ ಗಿರಾಕಿಗಳಿದ್ದರು. ಹಗಲೆಲ್ಲ ನಿಂತೂ ನಿಂತೂ ಅವಳ ಕಾಲಿನ ನರಗಳು ಹುರಿಹಗ್ಗದ ಹಾಗೆ ಗಂಟುಕಟ್ಟಿದ್ದವು. ಕೌಂಟರಿನ ಹಿಂದೆ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟುಕೊಂಡಿದ್ದಳು. ಗಿರಾಕಿ ಇಲ್ಲದ ಹೊತ್ತು ಅದರ ಮೇಲೆ ಅರ್ಧ ಕೂತು, ಮೆಟ್ಟಿಲಲ್ಲಿ ಸದ್ದಾದರೆ ಎದ್ದುಬಿಡುತ್ತಿದ್ದಳು. ಅಂಗಡಿಯಲ್ಲಿ ಕೂರಬಾರದು ಅನ್ನುವುದು ಮೊದಲಿನಿಂದ ಇದ್ದ ನಿಯಮ. ಕಂಡೂ ಕಾಣದ ಹಾಗೆ ಬಿಡುವುದೂ ಮೊದಲಿನಿಂದ ಇದ್ದ ರೂಢಿ.

ನಾನು ಕಂಡದ್ದನ್ನೆಲ್ಲ ಹೇಳಲು ಒಂದು ಮಧ್ಯಾಹ್ನ ಮೊದಲಾಳಿಯ ಕೋಣೆಯಲ್ಲಿ ಸೇರಿದೆವು. ನಾನು, ಬಾಸ್, ಸಲಹೆಗಾರ. ಆಟದಲ್ಲಿ ದಾರಿ ತಪ್ಪಿದರೆ ತಪ್ಪು ಆಡುವವನದಲ್ಲ, ನಕಾಶೆಯದು. ಆದ್ದರಿಂದ ಮಹಡಿಗಳನ್ನು ಬದಲಾಯಿಸೋಣ ಅಂದೆ. ಹೊಸಬರಿಗೆ ಮೊದಲು ಸುಲಭದ ಹಂತ, ಆಮೇಲೆ ರೇಷ್ಮೆ ಅಂದೆ. ಪ್ರತಿ ಮಹಡಿಯಲ್ಲೂ ಒಂದು ಕಂಪ್ಯೂಟರ್ ಇಟ್ಟು, ಗಿರಾಕಿ ಕೇಳಿ ಸಿಗದೆ ಹೋದದ್ದನ್ನು ಅಲ್ಲೇ ಒತ್ತಿ ದಾಖಲಿಸೋಣ, ಸರಕು ತರಿಸುವವರಿಗೆ ಸಂಜೆಯೊಳಗೆ ತಿಳಿಯಲಿ ಅಂದೆ. ಮೊದಲಾಳಿ ತಲೆದೂಗುತ್ತಾ ಕೇಳಿದರು. ಮಾವಿನ ಚಿಗುರಿನ ಬಣ್ಣದ ಮಾತು ಬಂದಾಗ, "ಅಡ, ಹೌದಲ್ಲ!" ಅಂತ ಮೇಜು ತಟ್ಟಿದರು.

ಸಲಹೆಗಾರ ಆಕಳಿಕೆ ತಡೆದುಕೊಂಡು, "ಎಲ್ಲಾ ಸರಿ ಮೇಡಂ. ಇದರಲ್ಲಿ ರೋಮಾಂಚನ ಎಲ್ಲಿದೆ? ಭಯ ಎಲ್ಲಿದೆ?" ಅಂದ.

"ಭಯ ಯಾಕೆ?" ಅಂದೆ.

"ನಿಮ್ಮ ಅಳಿಲಿನ ಆಟ ಆಡಿ ನೋಡಿದೆ. ಒಂದೇ ಹೃದಯ ಉಳಿದಾಗ ನನ್ನ ಅಂಗೈ ಬೆವರಿತು. ಈ ಅಂಗಡೀಲಿ ಯಾರ ಅಂಗೈ ಬೆವರ್ತಾ ಇದೆ ಹೇಳಿ?" ಆಮೇಲೆ ಮೊದಲಾಳಿಯ ಕಡೆ ತಿರುಗಿದ. "ಸರ್, ಪ್ರತಿ ಮಹಡಿಯಲ್ಲಿ ಒಂದು ದೊಡ್ಡ ಪರದೆ. ಅದರಲ್ಲಿ ಪ್ರತಿ ಸೇಲ್ಸ್‌ಗರ್ಲ್ ಫೋಟೋ. ಫೋಟೋ ಕೆಳಗೆ ಮೂರು ಹೃದಯ. ಗಿರಾಕಿ ಬರಿಗೈಲಿ ಹೋದ್ರೆ ಒಂದು ಹೃದಯ ಹೋಯ್ತು. ಬಾತ್‌ರೂಮಿಂದ ತಡವಾಗಿ ಬಂದ್ರೆ ಒಂದು. ಕೂತ್ರೆ ಒಂದು. ಮೂರೂ ಹೋದ್ರೆ ಔಟ್. ಔಟ್ ಆದವಳು ಆ ದಿನ ಮುಗಿಯೋವರೆಗೂ ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಹಾಕಬೇಕು. ಸೂಪರ್‌ವೈಸರ್ ಕೈಲಿ ಗುಂಡಿ."

ಮೊದಲಾಳಿ ಬೈಯುತ್ತಾರೆ ಅಂದುಕೊಂಡೆ. ಅವರ ಮುಖದಲ್ಲಿ ಆಟಿಕೆ ಕಂಡ ಮಗುವಿನ ಸಂತೋಷ ಮೂಡುತ್ತಿತ್ತು.

"ಸರ್, ಇದು ಆಟ ಅಲ್ಲ," ಅಂದೆ. "ಆಟ ಆಡೋನು ತಾನಾಗಿ ಬಂದಿರ್ತಾನೆ. ಸಾಕು ಅನ್ನಿಸಿದರೆ ಎದ್ದು ಹೋಗ್ತಾನೆ. ಇವರು ಎಲ್ಲಿಗೆ ಹೋಗ್ತಾರೆ? ಆ ಹೃದಯ ಅಳಿಲಿಗೆ ಅಂತ ಬರೆದದ್ದು. ಅಳಿಲು ಬಿದ್ದರೆ ಯಾರಿಗೂ ನೋವಾಗಲ್ಲ."

"ಬಿಡಿ ಅಮ್ಮಣಿ, ಸುಮ್ಮಾ ಒಂದು ತಮಾಷೆ," ಅಂದರು ಮೊದಲಾಳಿ, ನಮ್ಮದೇ ಭಾಷೆಯಲ್ಲಿ, ಅದೇ ಅಕ್ಕರೆಯಲ್ಲಿ. "ಹೆಣ್ಮಕ್ಳಿಗೂ ಹೊತ್ತು ಹೋಗುತ್ತೆ. ನೀವು ಭಯಪಡಬೇಡಿ."

ಬಾಸ್ ನನ್ನ ಮುಖ ನೋಡಲಿಲ್ಲ. ಹೊರಗೆ ಬಂದ ಮೇಲೆ, ಆ ಕೆಲಸ ನಾನು ಮಾಡುವುದಿಲ್ಲ ಅಂದೆ. ಬೇರೆ ಒಬ್ಬರಿಗೆ ಕೊಟ್ಟರು. ಹೊಸದಾಗಿ ಚಿತ್ರ ಬರೆಯುವ ಗೋಜಿಗೆ ಹೋಗದೆ ಆಫೀಸಿನ ಕಂಪ್ಯೂಟರಿನಲ್ಲಿದ್ದ ನನ್ನ ಹೃದಯವನ್ನೇ ಎತ್ತಿಕೊಂಡರು. ದೊಡ್ಡ ಪರದೆಯಲ್ಲಿ ಹಿಗ್ಗಿಸಿದಾಗ ಅದರ ಅಂಚೆಲ್ಲ ಮೊಂಡು ಮೆಟ್ಟಿಲುಗಳಾಗಿ, ಕಚ್ಚಿ ಉಗುಳಿದ ಹಾಗೆ ಕಾಣುತ್ತಿತ್ತು.

ದೀಪಾವಳಿ ವ್ಯಾಪಾರ ಶುರುವಾಗುವ ಮುಂಚೆ ಪರದೆಗಳು ಬಂದವು. ಗಿರಾಕಿಗಳಿಗೂ ಕಾಣಲಿ, ಅಂಗಡಿ ಹೊಸ ಕಾಲದ್ದು ಅನ್ನಿಸಲಿ ಅಂತ ಮೆಟ್ಟಿಲಿನ ಎದುರಿಗೇ ತೂಗುಹಾಕಿದರು. ಮಹಡಿಗಳನ್ನು ಬದಲಾಯಿಸಲಿಲ್ಲ. ಸಿಗದೆ ಹೋದದ್ದನ್ನು ದಾಖಲಿಸುವ ಕಂಪ್ಯೂಟರ್ ಬರಲಿಲ್ಲ. ಹತ್ತಿ ಸೀರೆಯವರು ಮೂರನೆಯ ಮಹಡಿಗೆ ಹತ್ತುತ್ತಲೇ ಇದ್ದರು. ಹತ್ತಿ, ಬರಿಗೈಲಿ ಇಳಿಯುವಾಗ ಅಲ್ಲಿದ್ದ ಹುಡುಗಿಯ ಒಂದು ಹೃದಯ ತೆಗೆದುಕೊಂಡು ಇಳಿಯುತ್ತಿದ್ದರು. ಗಿರಾಕಿ ಕಡಿಮೆ ಕೊಳ್ಳುವವಳ ಹಾಗೆ ಕಂಡರೆ ಹುಡುಗಿಯರು ಅವಳ ಕಣ್ಣು ತಪ್ಪಿಸಿ ಬೇರೆ ಕಡೆ ನೋಡತೊಡಗಿದರು. ಮೊದಲು ಒಬ್ಬರ ಕೌಂಟರಿಗೆ ಜನ ಹೆಚ್ಚಾದರೆ ಇನ್ನೊಬ್ಬರು ಬಂದು ಸೀರೆ ಮಡಿಸಿಕೊಡುತ್ತಿದ್ದರು. ಅದು ನಿಂತಿತು. ಬೆಳಿಗ್ಗೆಯಿಂದ ನೀರು ಕುಡಿಯದವರಿದ್ದರು, ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ.

ಹಬ್ಬಕ್ಕೆ ಮುಂಚಿನ ಭಾನುವಾರ ಪರದೆಯ ಏನೋ ರಿಪೇರಿಗೆ ಅಂತ ಬಾಸ್ ನನ್ನನ್ನೇ ಕಳಿಸಿದರು. ಬೇರೆ ಯಾರೂ ಊರಲ್ಲಿರಲಿಲ್ಲ. ಅಂಗಡಿ ತುಂಬಿ ತುಳುಕುತ್ತಿತ್ತು. ಎರಡನೆಯ ಮಹಡಿಗೆ ಹತ್ತುತ್ತಿದ್ದಾಗಲೇ ಮಕ್ಕಳ ಗಲಾಟೆ ಕೇಳಿಸಿತು. ಸೀರೆ ಆರಿಸುವ ಅಮ್ಮಂದಿರ ಜೊತೆ ಬಂದು ಬೇಸರಗೊಂಡ ಮಕ್ಕಳು ಪರದೆಯ ಮುಂದೆ ಗುಂಪುಗೂಡಿದ್ದರು. ಆಟದ ನಿಯಮ ಯಾರೂ ಹೇಳಿಕೊಡದೆಯೇ ಅವರಿಗೆ ತಿಳಿದುಹೋಗಿತ್ತು. ಮಕ್ಕಳಿಗೆ ತಿಳಿಯುತ್ತದೆ. ಪರದೆ ನೋಡುವುದು, ಆ ಫೋಟೋದವಳು ಎಲ್ಲಿದ್ದಾಳೆ ಅಂತ ಹುಡುಕುವುದು, ಅವಳು ಕಾಲು ಬದಲಾಯಿಸಿ ಕೌಂಟರಿಗೆ ಒರಗಿದರೆ ಸಾಕು, "ಉಕ್ಕಾಂದಾಚ್ಚು! ಕೂತ್ಲು, ಕೂತ್ಲು!" ಅಂತ ಸೂಪರ್‌ವೈಸರಿಗೆ ಕೂಗಿ ಹೇಳುವುದು. ಸೂಪರ್‌ವೈಸರ್ ಪೆಚ್ಚುನಗೆ ನಗುತ್ತಾ ಗುಂಡಿ ಒತ್ತುತ್ತಿದ್ದ. ಹೃದಯವೊಂದು ಪಟ್ಟನೆ ಮಾಯವಾದರೆ ಮಕ್ಕಳು ಕೇಕೆ ಹಾಕಿ ಕುಣಿಯುತ್ತಿದ್ದರು.

ಅನ್ನೂರಿನ ಅಕ್ಕನ ಫೋಟೋದ ಕೆಳಗೆ ಒಂದೇ ಹೃದಯ ಉಳಿದಿತ್ತು. ಒಬ್ಬ ಹುಡುಗ ಕೌಂಟರಿನ ಹಿಂದೆ ನುಸುಳಿ ಅವಳ ಸ್ಟೂಲನ್ನು ಎಳೆದುಕೊಂಡು ಹೋದ. ಅವನ ತಾಯಿ ಅದನ್ನು ನೋಡಿದರು, ನಕ್ಕು ಮತ್ತೆ ಸೀರೆಯ ಅಂಚು ತಿರುವಿದರು. ಉಳಿದ ಮಕ್ಕಳು ಚಪ್ಪಾಳೆ ತಟ್ಟುತ್ತಾ "ಔಟ್, ಔಟ್, ಔಟ್" ಅಂತ ತಾಳ ಹಾಕತೊಡಗಿದರು.

ನನಗೆ ಹೇಸಿಗೆ ಬಂತು. ಮಕ್ಕಳ ಮೇಲೆ ಅಲ್ಲ. ಅವರು ಆಡುತ್ತಿದ್ದರು, ಅಷ್ಟೆ. ಅವರ ಕೈಗೆ ಇಂಥದ್ದನ್ನು ಕೊಟ್ಟವರ ಮೇಲೆ, ನಗುತ್ತಿದ್ದ ತಾಯಿಯ ಮೇಲೆ, ಗುಂಡಿ ಒತ್ತುವವನ ಮೇಲೆ, ಕೆಳಗಿನ ಬಾಗಿಲಿನಿಂದ ಮೆಟ್ಟಿಲ ಮೂಲಕ ಏರಿಬರುತ್ತಿದ್ದ ಪನ್ನೀರಿನ ಸಿಹಿ ವಾಸನೆಯ ಮೇಲೆ. ಪರದೆಯ ವೈರು ಕಿತ್ತುಹಾಕಲು ನಾಲ್ಕು ಹೆಜ್ಜೆ ಮುಂದೆ ಹೋದೆ. ಅಷ್ಟರಲ್ಲಿ ಅಕ್ಕ ಒಂದು ಕೆಲಸ ಮಾಡಿದಳು.

ಮಕ್ಕಳ ಕಡೆ ಒಮ್ಮೆ ನೋಡಿದಳು. ಕೌಂಟರಿನ ಹಿಂದಿನಿಂದ ಈಚೆ ಬಂದು, ಗಿರಾಕಿಗಳ ನಡುವಿನ ಜಾಗದಲ್ಲಿ ಒಂದು ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಚಕ್ಕಂಬಕ್ಕಲ ಹಾಕಿಕೊಂಡು ಕೂತುಬಿಟ್ಟಳು. ಕೂತು, ಕೌಂಟರಿನಿಂದ ತಂದ ಸೀರೆಯನ್ನು ಉದ್ದಕ್ಕೆ ಬಿಡಿಸಿ ಹಾಸಿದಳು. ತನ್ನ ಹತ್ತಿರ ವರ್ಷಗಳಿಂದ ಬರುತ್ತಿದ್ದ ವಯಸ್ಸಾದ ಹೆಂಗಸಿಗೆ ತಮಿಳಿನಲ್ಲಿ, "ಬನ್ನಿ ಅಮ್ಮಾ, ಕೂತ್ಕೊಂಡು ನಿಧಾನಕ್ಕೆ ನೋಡಿ," ಅಂದಳು.

ಆ ಹೆಂಗಸು ಸುತ್ತ ನೋಡಿ, "ಅಬ್ಬಾ, ಕಾಲು ಸತ್ತೇ ಹೋಗಿತ್ತು ಕಣಮ್ಮಾ," ಅನ್ನುತ್ತಾ ಮೊಣಕಾಲು ಹಿಡಿದುಕೊಂಡು ಕೂತರು. ಅವರ ಸೊಸೆಯೂ ಕೂತಳು. ಇನ್ನೊಬ್ಬರೂ ಕೂತರು. ಸೂಪರ್‌ವೈಸರ್ ಗುಂಡಿ ಒತ್ತಿದ. ಅಕ್ಕನ ಫೋಟೋ ಬೂದುಬಣ್ಣಕ್ಕೆ ತಿರುಗಿತು. ಮಕ್ಕಳು ಕಿರುಚಿದರು. ಅಕ್ಕ ತಲೆ ಎತ್ತಿ ನೋಡಲಿಲ್ಲ. ಕೂತೇ ಸೀರೆ ಮೇಲೆ ಸೀರೆ ತೋರಿಸಿದಳು. ಆ ಹೆಂಗಸರು ಕೈತುಂಬ ಕೊಂಡುಕೊಂಡು ಎದ್ದರು.

ಸದ್ದು ಕೇಳಿ ಮೊದಲಾಳಿ ಮೇಲೆ ಬಂದರು. ಜೊತೆಗೆ ಕ್ಯಾಮೆರಾ ಹಿಡಿದ ಸಲಹೆಗಾರ. ಅವನು ಮಕ್ಕಳ ಫೋಟೋ ತೆಗೆಯುವುದರಲ್ಲಿ ಮುಳುಗಿದ. ಮೊದಲಾಳಿ ಅಕ್ಕನ ಹತ್ತಿರ ಬಂದು ಕನ್ನಡದಲ್ಲೇ, ಮೆಲ್ಲಗೆ, "ಏನಮ್ಮಾ ಇದು? ಹಬ್ಬದ ವ್ಯಾಪಾರದಲ್ಲಿ ಹೀಗೆ ಮಾಡಬಹುದಾ? ಎದ್ದು ಬಾಗಿಲಿಗೆ ಹೋಗು. ಔಟ್ ಆಗಿಬಿಟ್ಟಿ," ಅಂದರು.

"ಸರೀಂಗ," ಅಂದಳು ಅಕ್ಕ.

ಎದ್ದು ಸೀರೆಗಳನ್ನೆಲ್ಲ ಮಡಿಸಿ ಒಳಗಿಟ್ಟಳು. ಕೆಳಗಿಳಿದು ಹೋದಳು. ನಾನು ಹಿಂದೆಯೇ ಹೋದೆ. ಬಾಗಿಲಲ್ಲಿ ಮೊದಲೇ ಔಟಾಗಿದ್ದ ಒಬ್ಬಳು ಪನ್ನೀರಿನ ಬೆಳ್ಳಿ ದಾನಿ ಹಿಡಿದು ನಿಂತಿದ್ದಳು. ಅಕ್ಕ ಅವಳ ಭುಜ ಮುಟ್ಟಿ ಏನೋ ಹೇಳಿದಳು, ಸೀರೆಯ ಮೇಲೆ ತೊಟ್ಟಿದ್ದ ಅಂಗಡಿಯ ಸಮವಸ್ತ್ರದ ಕೋಟನ್ನು ಬಿಚ್ಚಿ ಮಡಿಸಿ ಕಾವಲುಗಾರನ ಕುರ್ಚಿಯ ಮೇಲಿಟ್ಟಳು, ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

"ಅಕ್ಕಾ, ಎಲ್ಲಿಗೆ?" ಅಂದೆ.

"ಊರಿಗೆ ಕಣ್ಣು. ಬಸ್ಸು ಐತೆ."

"ನಾಳೆ?"

"ನಾಳೇನೂ ಇಲ್ಲ, ನಾಳಿದ್ದೂ ಇಲ್ಲ. ಅಪ್ಪನ ವಯಸ್ಸಿನೋರು ಬೈದ್ರೂ ತಾಳ್ಕೊಂಡಿದ್ದೆ. ಎಳೇ ಮಕ್ಳ ಬಾಯಲ್ಲಿ ಹೀಗೆ ಹೇಳಿಸ್ತಾರಲ್ಲ, ಅವುಕ್ಕೆ ಏನು ಕಲ್ತಂಗಾಯ್ತು?" ಅಂದಳು. ತಿರುಗಿ ನೋಡದೆ ನಡೆದಳು. ಜನಜಂಗುಳಿಯಲ್ಲಿ ಅವಳ ನೀಲಿ ಸೀರೆ ಸ್ವಲ್ಪ ದೂರದವರೆಗೆ ಕಂಡಿತು.

ನಾನು ಮೇಲೆ ಹೋದೆ, ಆದದ್ದನ್ನು ಮೊದಲಾಳಿಗೆ ಹೇಳಿ ಪರದೆ ಇಳಿಸಿ ಅಂತ ಕೇಳಲು. ಅವರು ಮೆಟ್ಟಿಲ ಬಳಿ ನಿಂತು ಮಕ್ಕಳನ್ನೇ ನೋಡುತ್ತಿದ್ದರು. ಒಬ್ಬ ಹುಡುಗನನ್ನು ಅಪ್ಪ ರಟ್ಟೆ ಹಿಡಿದು ಎಳೆಯುತ್ತಿದ್ದ. ಅವನು ಪರದೆ ಬಿಟ್ಟು ಬರುವುದಿಲ್ಲ ಅಂತ ಅಳುತ್ತಿದ್ದ.

"ನೋಡಿದ್ರಾ ಅಮ್ಮಣಿ?" ಅಂದರು ಮೊದಲಾಳಿ, ಕಣ್ಣು ಹೊಳೆಯುತ್ತಿತ್ತು. "ಮೊದ್ಲೆಲ್ಲಾ ಮಕ್ಳು ಹೋಗಣ ಹೋಗಣ ಅಂತ ಅಮ್ಮಂದಿರನ್ನ ಎಳ್ಕೊಂಡು ಹೋಗ್ತಾ ಇದ್ದುವು. ಈಗ ಅಮ್ಮಂದಿರು ಎಳುದ್ರೂ ಹೋಗಲ್ಲ. ಅದಕ್ಕೇ ಇನ್ನೊಂದು ಸೀರೆ ನೋಡ್ತಾರೆ. ರೊಂಬ ಚೆನ್ನಾಗೈತೆ ನಿಮ್ಮ ಆಟ!"

ಕೆಟ್ಟವರು ಕೆಟ್ಟದ್ದು ಮಾಡುವಾಗ ಹೆಗಲು ಕುಗ್ಗಿಸುತ್ತಾರೆ, ದನಿ ತಗ್ಗಿಸುತ್ತಾರೆ ಅಂತ ಎಲ್ಲೋ ನಂಬಿಕೊಂಡಿದ್ದೆ. ಇವರು ಮೊಮ್ಮಗನ ಹುಟ್ಟುಹಬ್ಬದಲ್ಲಿ ನಿಂತವರ ಹಾಗೆ ನಿಂತಿದ್ದರು. ಎದುರಿಗೇ ಒಬ್ಬಳು ಎದ್ದು ಕೆಳಗಿಳಿದು ಹೋದದ್ದು ಆ ಸಂತೋಷದ ಒಳಗೆ ಎಲ್ಲೂ ತಾಕಿರಲಿಲ್ಲ.

"ಆ ಅಕ್ಕ ಕೆಲಸ ಬಿಟ್ಟು ಹೋದ್ರು ಸರ್. ಈ ಪರದೆ ಇಳಿಸಿಬಿಡಿ," ಅಂದೆ.

"ಹೋಗ್ಲಿ ಬಿಡಿ, ಬೇರೆಯೋರು ಬರ್ತಾರೆ. ಅವಳಿಗೆ ಕೋಪ ಜಾಸ್ತಿ," ಅಂದರು.

ಮಾರನೆಯ ದಿನ ನಾನು ಬಾಸ್ ಕೈಗೆ ರಾಜೀನಾಮೆ ಕೊಟ್ಟೆ. ಅವರು ಅದನ್ನು ಓದಿ, ಮಡಿಸಿ ಮೇಜಿನ ಮೇಲಿಟ್ಟರು. "ನನಗೂ ಅದು ಇಷ್ಟ ಆಗಲಿಲ್ಲ," ಅಂದರು. "ಮತ್ತೆ ಯಾಕೆ ಸರ್?" ಅಂದದ್ದಕ್ಕೆ, "ಎಲ್ಲರೂ ಕೇಳ್ತಾ ಇದಾರೆ. ಇನ್ನೂ ಇಬ್ಬರು ಗಿರಾಕಿ ಬಂದಿದಾರೆ," ಅಂದರು. ಅವರ ಮೇಜಿನ ಮೇಲೆ ಹಳೆಯ ಆಟದ ಕನ್ಸೋಲ್ ಒಂದು ಇರುತ್ತಿತ್ತು, ಬಿಡುವಾದಾಗ ಎಲ್ಲರನ್ನೂ ಕರೆದು ಆಡಿಸುತ್ತಿದ್ದರು. ಈಗ ಅದರ ಮೇಲೆ ಕಾಗದಗಳನ್ನು ಪೇರಿಸಿದ್ದರು. ಅವತ್ತು ನನಗೆ ಅವರ ಮೇಲೆ ಬಂದದ್ದು ಹೇಸಿಗೆಯೋ ಮರುಕವೋ ಈಗಲೂ ಬಿಡಿಸಿ ಹೇಳಲಾರೆ.

ನೋಟಿಸಿನ ಅವಧಿ ಇನ್ನೂ ಮುಗಿದಿರಲಿಲ್ಲ. ಆಗ ಅವಿನಾಶಿ ರಸ್ತೆಯ ಒಂದು ಹೋಟೆಲಿನಲ್ಲಿ ಸಲಹೆಗಾರನ ಭಾಷಣ ಏರ್ಪಾಡಾಯಿತು. ವಿಷಯ: ವಿಡಿಯೋ ಗೇಮಿನಿಂದ ವ್ಯಾಪಾರ ಕಲಿಯಬೇಕಾದ ಪಾಠಗಳು. ಕೊಯಮತ್ತೂರಿನ ಪಂಪಿನವರು, ಮಿಲ್ಲಿನವರು, ತಿರುಪ್ಪೂರಿನ ಬನಿಯನ್ ಕಂಪನಿಯವರು, ಉಡುಮಲೈಪೇಟೆಯಿಂದ ಎಣ್ಣೆ ಗಿರಣಿಯವರು, ಎಲ್ಲ ಬಂದಿದ್ದರು. ಬಾಸ್ ಒತ್ತಾಯಕ್ಕೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಏಸಿಯ ತಣ್ಣನೆ ಗಾಳಿಯಲ್ಲಿ ಅದೇ ಸೆಂಟು.

ಅವನು ಒಂದಾದ ಮೇಲೊಂದು ಚಿತ್ರ ತೋರಿಸುತ್ತಾ ಹೋದ. ಕೊನೆಗೆ ಅಂಗಡಿಯ ಫೋಟೋ ಬಂತು. ಗೋಡೆಯಗಲ. ಕೈ ಮೇಲೆತ್ತಿ, ಬಾಯಿ ತೆರೆದು ನಗುತ್ತಿರುವ ಮಕ್ಕಳು. ಅವರ ಹಿಂದೆ, ಸ್ವಲ್ಪ ಮಸುಕಾಗಿ, ಬಿಡಿಸಿದ ಸೀರೆಗಳ ನಡುವೆ ನೆಲದ ಮೇಲೆ ಕೂತಿರುವ ಒಬ್ಬ ಹೆಂಗಸು.

"ಈ ಮುಖಗಳನ್ನ ನೋಡಿ," ಅಂದ. "ಇದನ್ನ ಯಾವ ಜಾಹೀರಾತೂ ತಂದುಕೊಡಲ್ಲ. ಸಂತೋಷ! ಶುದ್ಧ ಸಂತೋಷ!"

ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ಮೈಕು ಕೊಡಿ ಅಂತ ಕೇಳಲಿಲ್ಲ. ನನ್ನ ದನಿ ನನಗೇ ಬೇರೆಯವರದೆನ್ನುವಷ್ಟು ದೊಡ್ಡದಾಗಿತ್ತು.

"ಹಿಂದೆ ಕೂತಿರೋ ಅಕ್ಕನ ಮುಖಾನೂ ನೋಡಿ," ಅಂದೆ ತಮಿಳಿನಲ್ಲಿ. "ಆ ಮಕ್ಕಳು ಕೂಗ್ತಾ ಇರೋದು ಅವರು ಔಟ್ ಆದ್ರು ಅಂತ. ಯಾಕೆ ಅಂದ್ರೆ ಅವರು ಕೂತ್ರು. ಕಾಲು ನೋವಿತ್ತು, ಕೂತ್ರು. ಈ ಫೋಟೋ ತೆಗೆದ ಸ್ವಲ್ಪ ಹೊತ್ತಿಗೆ ಕೆಲಸ ಬಿಟ್ಟು ಹೋದ್ರು. ನಾನು ಆಟ ಮಾಡೋಳು. ಆ ಹೃದಯದ ಚಿತ್ರ ನನ್ನದು. ನಾನು ಹೇಳ್ತೀನಿ, ಇದು ಆಟ ಅಲ್ಲ. ನಿಮ್ಮ ಅಕ್ಕನೋ ಅಮ್ಮನೋ ಆ ಪರದೆ ಮೇಲಿದ್ರೆ ಇದನ್ನ ಆಟ ಅಂತೀರಾ?"

ಸಲಹೆಗಾರ ಮುಗುಳ್ನಗುತ್ತಾ ನಿಂತಿದ್ದ. ಮೂಗಿನ ಮೇಲೆ ಕೂತ ನೊಣ ತಾನಾಗಿ ಹಾರಿಹೋಗಲಿ ಅಂತ ಕಾಯುವವನ ಹಾಗೆ. ಮುಂದಿನ ಸಾಲಿನಿಂದ ಒಬ್ಬರು ಎದ್ದರು. ಬಿಳಿ ಷರಟು, ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ. ಹಿರಿಯರು, ಏನೋ ನ್ಯಾಯದ ಮಾತಾಡುತ್ತಾರೆ ಅನ್ನಿಸಿತು. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಸರ್, ಇದನ್ನ ಸ್ಪಿನ್ನಿಂಗ್ ಮಿಲ್ಲಿಗೂ ಹಾಕಬಹುದಾ? ಅಲ್ಲಿ ಧೂಳು ಜಾಸ್ತಿ. ಪರದೆ ತಾಳುತ್ತಾ?" ಅಂದರು.

ನಾನು ಹೊರಗೆ ಬಂದೆ. ಹೋಟೆಲಿನವರು ಊಟಕ್ಕೆ ಬಿರಿಯಾನಿಯ ಪಾತ್ರೆಗಳ ಮುಚ್ಚಳ ತೆಗೆಯುತ್ತಿದ್ದರು. ಆ ಆವಿ ಮುಖಕ್ಕೆ ಹೊಡೆದದ್ದೇ ಬಾತ್‌ರೂಮಿಗೆ ಓಡಿ ಬೆಳಿಗ್ಗೆ ತಿಂದದ್ದೆಲ್ಲ ಕಾರಿಕೊಂಡೆ. ಮುಖ ತೊಳೆದು ಕನ್ನಡಿ ನೋಡಿಕೊಂಡಾಗ, ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು, "ಏನಾಯ್ತು ಕಣ್ಣು, ಊಟ ಸರಿ ಇಲ್ಲವಾ?" ಅಂತ ಕೇಳಿದರು. "ಇನ್ನೂ ಊಟವೇ ಮಾಡಿಲ್ಲಮ್ಮ," ಅಂದೆ.

ಆಮೇಲೆ ತಿರುಪ್ಪೂರಿನ ಒಂದು ಹೆಣಿಗೆ ಬಟ್ಟೆಯ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಎಲ್ಲಿ ಎಷ್ಟು ನೂಲಿದೆ ಅಂತ ತೋರಿಸುವ ಸಾಫ್ಟ್‌ವೇರ್. ನೀರಸವಾದ, ಮರ್ಯಾದೆಯ ಕೆಲಸ. ಅಲ್ಲೂ ಹೊಸತೇನಾದರೂ ಮಾಡಿದರೆ ಗೋದಾಮಿಗೆ ಹೋಗಿ ಬಳಸುವವರ ಕೈ ನೋಡುತ್ತಾ ನಿಲ್ಲುತ್ತಿದ್ದೆ.

ಪೊಂಗಲ್ ಕಳೆದ ಮೇಲೆ ಒಂದು ಭಾನುವಾರ ಅನ್ನೂರಿಗೆ ಹೋಗಿ ಅಕ್ಕನ ಮನೆ ಹುಡುಕಿದೆ. ಕೆಂಪು ಹೆಂಚಿನ ಉದ್ದನೆಯ ಮನೆ, ಒಳಗೆ ಮಗ್ಗದ ಟಕಟಕ. ಅಕ್ಕ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. ಕಾಲು ಹೇಗಿದೆ ಅಂದೆ.

"ಕಾಲು ಪರವಾಗಿಲ್ಲ. ಈಗ ಕೂತು ಕೂತು ಸೊಂಟ ಹೋಯ್ತು," ಅಂತ ನಕ್ಕಳು. "ಯಾವ ವೇಲೆ, ಯಾವ ಕೆಲಸ ಮಾಡಿದ್ರೂ ಒಂದು ಕಡೆ ನೋಯ್ತದೆ."

ಕಾಫಿ ಕುಡಿಯುವಾಗ ಹೇಳಿದಳು, ಮೊದಲಾಳಿ ಕಾರಿನಲ್ಲಿ ಮನೆಗೆ ಬಂದಿದ್ದರಂತೆ. ಹಳೆಯ ಗಿರಾಕಿಗಳು ಬಂದು ಅವಳನ್ನೇ ಕೇಳುತ್ತಾರೆ, ಇಲ್ಲ ಅಂದರೆ ಹಿಂದಿರುಗುತ್ತಾರೆ. ಸ್ವೀಟಿನ ಡಬ್ಬ ಕೊಟ್ಟು, ಜಗಲಿಯ ಮೇಲೆ ಕೂತು, ಮನೆಯವರನ್ನೆಲ್ಲ ವಿಚಾರಿಸಿ, ವಾಪಸು ಬಾ ಅಂದರಂತೆ.

"ಪರದೆ ತೆಗೆದ್ರಾ ಅಂತ ಕೇಳ್ದೆ. ನಿನ್ನ ಫೋಟೋ ಮಟ್ಟುಂ ತೆಗೀತೀನಿ, ನೀನು ಬೇಕಾದ್ರೆ ಕೂತ್ಕೊ ಅಂದ್ರು."

"ಉಳಿದವರು?"

"ನಾನೂ ಅದೇ ಕೇಳ್ದೆ ಕಣ್ಣು. ಅವರಿಗೆ ಆಟ ಇರಲಿ, ಇಲ್ಲಾಂದ್ರೆ ವೇಲೆ ನಡೆಯಲ್ಲ ಅಂದ್ರು. ನಮ್ಮವಳು ಅಂತ ನಿನಗೆ ಮಾಡ್ತಾ ಇದೀನಿ ಅಂದ್ರು." ಅಕ್ಕ ಲೋಟವನ್ನು ಕೆಳಗಿಟ್ಟಳು. "ಅವರೆಲ್ಲ ನಿಂತಿರೋವಾಗ ನಾನೊಬ್ಳು ಹೆಂಗೆ ಕೂರೋದು? ಅವರ ಮುಖ ಹೆಂಗೆ ನೋಡೋದು? ಆಗಲ್ಲ ಮೊದಲಾಳಿ ಅಂದೆ. ಸ್ವೀಟು ಡಬ್ಬಾನ ಕಾರಲ್ಲೇ ಇಟ್ಟು ಬಂದೆ."

ಒಳಗಿನಿಂದ ಅವಳ ಗಂಡ ನೂಲು ಮುಗಿಯಿತು ಅಂತ ಕೂಗಿದರು. ಅವಳು ಎದ್ದು ನೂಲು ಸುತ್ತಿಟ್ಟ ಕಂಡಿಕೆಗಳನ್ನು ಸೆರಗಿಗೆ ಹಾಕಿಕೊಂಡು ಹೋಗಿ ಕೊಟ್ಟು ಬಂದಳು. ಅವತ್ತು ಮಧ್ಯಾಹ್ನ ಅಲ್ಲೇ ಊಟ ಮಾಡಿದೆ. ನುಗ್ಗೆಕಾಯಿ ಸಾರು, ಹುರುಳಿ ಚಟ್ನಿ. ಎರಡು ಸಲ ಬಡಿಸಿಕೊಂಡು ತಿಂದೆ.